ಬೆಂಚಿನ ಮೇಲೆ ಆಡಿದ ಮಾತು

ಇನ್ನೊಬ್ಬರ ಮನೆಯ ಒಲೆಯ ಮುಂದಿನ ಮಾತನ್ನು ಬೀದಿಗೆ ತಂದು ಹೇಳುವುದು ಒಳ್ಳೆಯ ಕೆಲಸವಲ್ಲ. ಅದರಲ್ಲೂ ಈ ಮನೆಯ ಮಾತು ಒಮ್ಮೆ ಬೀದಿಗೆ ಬಿದ್ದು ಆಗಲೇ ಸಾಕಷ್ಟು ಕೆಡುಕು ಮಾಡಿದೆ. ಅದನ್ನೇ ಮತ್ತೆ ಎತ್ತಿಕೊಂಡು ಹೇಳಹೊರಟರೆ, ಎಲ್ಲೋ ಒಂದು ಕಡೆ ತಪ್ಪಿ, ಇನ್ನೊಂದು ಸುಳ್ಳಿಗೆ ದಾರಿಯಾದೀತು ಎಂಬ ಅಳುಕು ಇದ್ದೇ ಇದೆ. ಹೆಚ್ಚು ಓದಿದವರು, ಬರೆದು ಪಳಗಿದವರು ಯಾರಾದರೂ ಹೇಳಬಹುದೆಂದು ಕಾದದ್ದಾಯಿತು. ಯಾರೂ ಹೇಳಲಿಲ್ಲ. ಹಾಗಾಗಿ ಈ ಧೈರ್ಯ, ಓದುವವರು ಮನ್ನಿಸಬೇಕು.

ಗುರುಶಾಂತವ್ವ ಬಾಗಲಕೋಟೆಯಿಂದ ಲಾಸ್ ಏಂಜಲೀಸಿಗೆ ಬಂದದ್ದು 2007ರ ಬೇಸಿಗೆಯಲ್ಲಿ. ಅವಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಓಂಪ್ರಕಾಶ್ ಸ್ಯಾನ್ ಪೀಡ್ರೊ ಬಂದರಿನಲ್ಲಿ ಸರಕು ಸಾಗಿಸುವ ಕಂಪನಿಯೊಂದರ ಮ್ಯಾನೇಜರ್. ಅವನ ಮನೆಗೆ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳು ಹತ್ತಿರ. ಕಿರಿಯ ಪ್ರವೀಣ ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಇಂಜಿನಿಯರ್. ಅವ್ವನ ವೀಸಾದ ಆರು ತಿಂಗಳನ್ನು ಅಣ್ಣತಮ್ಮಂದಿರು ಫೋನಿನಲ್ಲೇ ಅರ್ಧರ್ಧ ಮಾಡಿಕೊಂಡಿದ್ದರು. ಆದರೆ ಆ ವರ್ಷ ಹಿರಿಯ ಸೊಸೆ ನೀರಜಾ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಮಂಡಳಿಯ ನವೆಂಬರ್ ಚುನಾವಣೆಗೆ ನಿಂತಳು. ಸಂಜೆಯಾದರೆ ಅವಳಿಗೆ ಮನೆ ಮನೆ ತಿರುಗುವುದೇ ಆಯಿತು.

"ಎಲೆಕ್ಷನ್ ಮುಗಿಯೂತನಕಾ ನಾ ಇಲ್ಲೇ ಇರ್ತೀನಿ," ಎಂದಳು ಗುರುಶಾಂತವ್ವ. "ಇಲ್ಲಾಂದ್ರ ಇವರು ಪಿಜ್ಜಾ ತಿಂದು ತಿಂದು ಸತ್ತ ಹೋಗ್ತಾರ."

ಅವಳು ಬಂದ ಮರುದಿನವೇ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಮಾಡಲು ಕೂತಿದ್ದಳು. ಹಂಚು ಕಾದು ಹೊಗೆ ಎದ್ದದ್ದೇ ತಡ, ಸೂರಿನ ಅಲಾರಂ ಕಿರುಚಿಕೊಂಡಿತು. ಮೊಮ್ಮಗಳು ವೈಷ್ಣವಿ ಕುರ್ಚಿ ಹತ್ತಿ ಟವೆಲ್ ಬೀಸಿದಳು.

"ಈ ಮನಿ ರೊಟ್ಟಿ ಕಂಡ್ರ ಹೊಯ್ಕೊಳ್ತೈತಲ್ಲೋ," ಎಂದು ಗುರುಶಾಂತವ್ವ ಮಗನಿಗೆ ಹೇಳಿದಳು. ಅಂದೇ ಸಣ್ಣ ಗ್ಯಾಸ್ ಒಲೆಯೊಂದನ್ನು ಗ್ಯಾರೇಜಿಗೆ ಒಯ್ದದ್ದು ಅವಳೇ. ಅಲ್ಲಿ ಸಿಮೆಂಟಿನ ನೆಲ ತಂಪಾಗಿತ್ತು. ಹಿಟ್ಟು ಚೆಲ್ಲಿದರೆ ಗುಡಿಸಬಹುದಿತ್ತು. ಬಾಗಿಲನ್ನು ಅರ್ಧ ಎತ್ತಿಟ್ಟರೆ ಗಾಳಿ ಬರುತ್ತಿತ್ತು, ರಸ್ತೆಯಲ್ಲಿ ಓಡಾಡುವ ಮನುಷ್ಯರಾದರೂ ಕಾಣುತ್ತಿದ್ದರು. ರೊಟ್ಟಿ ಬಡಿದು ಸೊಂಟ ನೋವಾದರೆ ಒರಗಲೆಂದು ಒಂದು ಮಡಚುವ ಮಂಚವನ್ನೂ ಹಾಕಿಸಿಕೊಂಡಳು. ಮಲಗುವುದು ಮಾತ್ರ ಒಳಗೆ, ಕೆಳಗಿನ ಕೋಣೆಯಲ್ಲಿ. ಅದು ನೀರಜಾಳ ಕೋಣೆಯಾಗಿತ್ತು. ಅತ್ತೆಯ ಮಂಡಿಗೆ ಮೆಟ್ಟಿಲು ಆಗದೆಂದು ಅವಳೇ ಗಂಡನೊಂದಿಗೆ ಮೇಲಿನ ಸಣ್ಣ ಕೋಣೆಗೆ ಹೋಗಿದ್ದಳು.

ಸಂಜೆ ಹತ್ತಿರದ ಪಾರ್ಕಿನಲ್ಲಿ ಹಿರಿಯರು ಸೇರುತ್ತಿದ್ದರು. ಮಕ್ಕಳ ಮನೆಗೆ ಬಂದವರು, ಹೆಚ್ಚಿನವರು ಹೆಂಗಸರು. ಧಾರವಾಡ ಕಡೆಯ ಶಾರದವ್ವ ಗುರುಶಾಂತವ್ವಳ ಬೆಂಚಿನ ಗೆಳತಿ. ಆ ಬೆಂಚಿಗೆ ಊರ ಕಟ್ಟೆಯ ರೀತಿಯೇ ಬಂದುಬಿಟ್ಟಿತ್ತು: ತನ್ನ ಸೊಸೆಯನ್ನು ನಾಲ್ಕು ಮಂದಿಯ ಮುಂದೆ ಹೊಗಳಬಾರದು. ಹೊಗಳಿದರೆ ದೃಷ್ಟಿಯಾಗುತ್ತದೆ. ಇದ್ದದ್ದನ್ನು ಇಲ್ಲವೆಂದು, ಚಲೋ ಇದ್ದದ್ದನ್ನು ಕೆಟ್ಟದೆಂದು ಹೇಳಿಕೊಂಡರೆ ಮನೆಗೆ ಕ್ಷೇಮ. ಕೇಳುವವರಿಗೂ ಅದು ಗೊತ್ತಿರುತ್ತದೆ.

"ಏನ್ ಗುರುಶಾಂತವ್ವಾ, ಸೊಸಿ ಎಲೆಕ್ಷನ್‌ಕ್ಕ ನಿಂತಾಳಂತ. ದೊಡ್ಡಾಕಿ ಅತ್ತಿ ಆದಿ ನೀ," ಎಂದು ಶಾರದವ್ವ ಒಂದು ಸಂಜೆ ಕೆಣಕಿದಳು.

"ಯಾತರ ದೊಡ್ಡಾಕಿ ತಗೋ. ಆಕಿಗೆ ಮನಿ ಕಡೆ ಖಬರ ಎಲ್ಲೈತಿ? ನನ್ನ ಗ್ಯಾರೇಜಿನ್ಯಾಗ ಒಗದಾರ. ಅಲ್ಲೇ ರೊಟ್ಟಿ ಬಡೀತೀನಿ, ಅಲ್ಲೇ ಬಿದ್ದಿರ್ತೀನಿ."

"ನಿಂದರ ಗ್ಯಾರೇಜು. ನಂದು ಬಟ್ಟಿ ಒಗೆಯೋ ಖೋಲಿ."

ಇಬ್ಬರೂ ನಕ್ಕರು. ಸುತ್ತ ಕೂತವರೂ ನಕ್ಕರು. ಗುರುಶಾಂತವ್ವ ಮನೆಗೆ ಬಂದು ಬದನೆಕಾಯಿ ಎಣ್ಣೆಗಾಯಿ ಮಾಡಿ, ಸೊಸೆ ಬರುವುದು ತಡವಾಗುತ್ತದೆಂದು ಅವಳ ಪಾಲನ್ನು ಮುಚ್ಚಿಟ್ಟಳು.

ಸೆಪ್ಟೆಂಬರ್ ಕೊನೆಯ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಓಂಪ್ರಕಾಶ್ ತಟ್ಟೆಗೆ ಕೈ ಹಾಕಲಿಲ್ಲ. ಆಫೀಸಿನಲ್ಲಿ ಪ್ರಿಂಟ್ ತೆಗೆದ ಒಂದು ಈಮೇಲಿನ ಹಾಳೆಯನ್ನು ಹೆಂಡತಿಯ ಮುಂದೆ ಇಟ್ಟ.

"ಇದು ಮುಂಜಾನಿಂದ ಸುತ್ತಾಡಾಕತ್ತೇತಿ. ನನಗ ಆರು ಮಂದಿ ಕಳಿಸ್ಯಾರ. ಕನ್ನಡದವರ ಗ್ರೂಪಿನ್ಯಾಗೂ ಬಂದೈತಿ."

ನೀರಜಾ ಓದಿದಳು. ಓದುತ್ತಾ ಅವಳ ಕುತ್ತಿಗೆ ಕೆಂಪಾಯಿತು. ವೈಷ್ಣವಿ ಎದ್ದು ಅಮ್ಮನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಏನೈತಿ ಅದರಾಗ? ನನಗೂ ಹೇಳ್ರಿ," ಎಂದಳು ಗುರುಶಾಂತವ್ವ.

"ಏನಿಲ್ಲ ಅವ್ವಾ, ನೀ ಉಣ್ಣು."

"ಏನಿಲ್ಲಂದ್ರ ನೀ ಯಾಕ ಉಣವಲ್ಲಿ?"

ವೈಷ್ಣವಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುವುದು ಇಂಗ್ಲಿಷೇ. ಆದರೆ ಅಜ್ಜಿಗಾಗಿ ಅವಳು ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು: "ಅಜ್ಜಿ, ಮಮ್ಮಿ ನಿಮಗೆ ಗ್ಯಾರೇಜ್‌ನಲ್ಲಿ ಇಟ್ಟಿದಾಳಂತೆ. ಮನೆ ಒಳಗೆ ಬಿಡಲ್ಲಂತೆ. ನೀವು ನೆಲದ ಮೇಲೆ ಕೂತು ಎಲ್ಲರಿಗೂ ಕುಕ್ ಮಾಡಬೇಕಂತೆ. ಈವ್ನಿಂಗ್ ಹೊಡೆಯೋ ಸೌಂಡ್ ಕೇಳತ್ತಂತೆ."

"ಹೊಡೆಯೋ ಸೌಂಡು?"

"ರೊಟ್ಟಿ ಬಡಿಯೋ ಸಪ್ಪಳಾ, ಅತ್ತಿ," ಎಂದಳು ನೀರಜಾ, ತಲೆ ಎತ್ತದೆ. "ನಾ ನಿಮ್ಮನ್ನ ಹೊಡೀತೀನಿ ಅಂತ ಬರದಾರ. ಇಂಥಾಕಿ ಕೈಯಾಗ ನಮ್ಮ ಮಕ್ಕಳ ಶಾಲಿ ಕೊಡಬೇಕೇನು ಅಂತ ಕೇಳ್ಯಾರ."

ಹಾಳೆಯಲ್ಲಿ ಒಂದು ಚಿತ್ರವೂ ಇತ್ತು. ಗುರುಶಾಂತವ್ವ ನೆಲದ ಮೇಲೆ ಕೂತು ಪರಾತದಲ್ಲಿ ಹಿಟ್ಟು ನಾದುತ್ತಿದ್ದಾಳೆ. ಹಿಂದೆ ಮಡಚುವ ಮಂಚ. ಅದನ್ನು ನೋಡಿದೊಡನೆ ವೈಷ್ಣವಿ ಬಾಯಿ ಮುಚ್ಚಿಕೊಂಡಳು. ಆ ಫೋಟೋ ಅವಳು ತೆಗೆದದ್ದು. ಜುಲೈಯಲ್ಲಿ ತನ್ನ ವೆಬ್ ಪುಟದಲ್ಲಿ, ನನ್ನ ಅಜ್ಜಿಯಂಥ ಅಡುಗೆಯವರು ಈ ಊರಲ್ಲಿ ಇಲ್ಲ ಎಂದು ಬರೆದು ಹಾಕಿದ್ದಳು. ಮೇಲಿನ ಸಾಲು ಹೋಗಿತ್ತು, ಚಿತ್ರ ಉಳಿದಿತ್ತು.

"ಮತ್ತ ಕಡೀಕ ಇದೊಂದು," ಎಂದ ಓಂಪ್ರಕಾಶ್. "ಅವ್ವನ ಹೇಳ್ಯಾಳಂತ. ಅತ್ತಕೊಂತ. 'ನನ್ನ ಗ್ಯಾರೇಜಿನ್ಯಾಗ ಒಗದಾರ, ಅಲ್ಲೇ ಅಡಗಿ ಮಾಡ್ತೀನಿ, ಅಲ್ಲೇ ಬಿದ್ದಿರ್ತೀನಿ' ಅಂತ. ಎಂಥಾ ಕಥಿ ಕಟ್ಟತಾರ ನೋಡು ಮಂದಿ."

ಗುರುಶಾಂತವ್ವಳ ಕೈಯಲ್ಲಿನ ತುತ್ತು ಕೈಯಲ್ಲೇ ನಿಂತಿತು. ಅತ್ತದ್ದು ಸುಳ್ಳು. ಮಾತು ಅವಳದೇ. ಅವಳು ತುತ್ತನ್ನು ತಟ್ಟೆಗಿಳಿಸಿ, "ನೀರು ತರ್ತೀನಿ," ಎಂದು ಎದ್ದಳು. ನೀರು ಮೇಜಿನ ಮೇಲೇ ಇತ್ತು.

ಮರುದಿನ ಓಂಪ್ರಕಾಶ್ ಉತ್ತರ ಬರೆದ. ಬಂದರಿನಲ್ಲಿ ಸರಕು ಒಡೆದು ದೂರು ಬಂದರೆ, ದೂರಿನ ಒಂದೊಂದು ಅಂಶವನ್ನೂ ಎತ್ತಿಕೊಂಡು ಕೆಳಗೆ ಒಂದೊಂದು ಉತ್ತರ ಬರೆಯುವುದು ಅವನ ಕೆಲಸ. ಅದೇ ಅಭ್ಯಾಸದಲ್ಲಿ ಇದಕ್ಕೂ ಬರೆದ. ನನ್ನ ತಾಯಿ ಗ್ಯಾರೇಜಿನಲ್ಲಿ ಅಡುಗೆ ಮಾಡುವುದು ನಿಜ, ಆದರೆ ಅವರ ಇಷ್ಟದಿಂದ. ಅಲ್ಲಿ ಮಂಚ ಇರುವುದು ನಿಜ, ಆದರೆ ಮಧ್ಯಾಹ್ನಕ್ಕೆ ಮಾತ್ರ. ಸಂಜೆ ಸದ್ದು ಬರುವುದು ನಿಜ, ಆದರೆ ಅದು ರೊಟ್ಟಿಯದು. ಕನ್ನಡದವರ ಗ್ರೂಪಿಗೂ ತನಗೆ ಕಳಿಸಿದವರೆಲ್ಲರಿಗೂ ಒಟ್ಟಿಗೆ ಕಳಿಸಿಬಿಟ್ಟ.

ವಾರ ಕಳೆಯುವುದರೊಳಗೆ ಊರಿನ ಸುದ್ದಿ ಬರೆಯುವ ಬ್ಲಾಗೊಂದರಲ್ಲಿ ಅದು ಬಂತು: ಅಭ್ಯರ್ಥಿಯ ಗಂಡನೇ ಒಪ್ಪಿಕೊಂಡಿದ್ದಾನೆ. ಮೂರು 'ನಿಜ'ಗಳು ಉಳಿದಿದ್ದವು. ಮೂರು 'ಆದರೆ'ಗಳನ್ನು ಕತ್ತರಿಸಿದ್ದರು.

"ಡ್ಯಾಡಿ, ಅವರ ಸುಳ್ಳನ್ನು ಅವರಿಗಿಂತ ಚೆನ್ನಾಗಿ ನೀವೇ ಬರೆದು ಹಂಚಿದಿರಿ," ಎಂದು ವೈಷ್ಣವಿ ಇಂಗ್ಲಿಷಿನಲ್ಲಿ ರೇಗಿದಳು. ಅವಳು ಶಾಲೆಯ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದಳು. "ಅವರ ಮಾತನ್ನು ನಾವು ಮತ್ತೆ ಹೇಳಬಾರದು. ನಮ್ಮ ಮಾತನ್ನು ಮಾತ್ರ ಹೇಳಬೇಕು."

"ಫೋಟೋ ಹಾಕಿದಾಕಿ ಯಾರು? ನಾನೇನು?"

"ಸಾಕು," ಎಂದಳು ನೀರಜಾ. "ಇಬ್ಬರೂ ಸಾಕ್ ಮಾಡ್ರಿ."

ಅಂದಿನಿಂದ ಅವಳು ಪ್ರಚಾರ ಮುಗಿಸಿ ಬಂದು ಫೋನ್ ಹಿಡಿದು ಕೂರುವಳು. ಆ ಈಮೇಲನ್ನು ಮುಂದೆ ಕಳಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಕರೆ. ಗುರುಶಾಂತವ್ವ ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ಸ್ಪೀಕರಿನಲ್ಲಿ ಬೆಂಗಳೂರಿನ ಒಬ್ಬ ಹೆಂಗಸು, "ಅಯ್ಯೋ ನಾವೇನೂ ನಂಬಿಲ್ಲ ಬಿಡಿ ನೀರಜಾ. ಆದ್ರೂ ಪಾಪ, ವಯಸ್ಸಾದವರು, ಒಳಗೇ ಮಲಗಿಸಿದ್ರೆ ಚೆನ್ನಾಗಿರ್ತಿತ್ತು ಅಲ್ವಾ?" ಎಂದಳು. ನೀರಜಾ, "ಒಳಗೇ ಮಲಗ್ತಾರೆ ಮೇಡಂ," ಎಂದಳು. "ಹಾಂ ಹಾಂ, ಅದೇ ಹೇಳಿದ್ದು, ಒಳಗೇ ಮಲಗಿಸಿ," ಎಂದಳು ಆ ಹೆಂಗಸು.

ಫೋನ್ ಇಟ್ಟು ನೀರಜಾ ಗಂಡನ ಕಡೆ ತಿರುಗಿದಳು. "ನನ್ನ ಜೋಡಿ ಇನ್ನ ನಾಲ್ಕು ಮಂದಿ ಗಂಡಸರು ನಿಂತಾರ. ಅವರ ಅವ್ವಗೋಳು ಎಲ್ಲಿ ಮಲಗ್ತಾರ ಅಂತ ಯಾರರ ಕೇಳ್ಯಾರೇನು? ಅವರಿಗೆ ಅವ್ವ ಅದಾಳೋ ಇಲ್ಲೋ, ಅದೂ ಯಾರಿಗೂ ಗೊತ್ತಿಲ್ಲ."

ಒಗೆದ ಬಟ್ಟೆ ಮಡಚುತ್ತಿದ್ದ ಓಂಪ್ರಕಾಶ್ ಒಂದೇ ಅಂಗಿಯನ್ನು ಎರಡು ಸಲ ಮಡಚಿದ.

ಗ್ಯಾರೇಜಿನ ಬಾಗಿಲು ಕೆಳಗಿಳಿಯಿತು. "ಇನ್ನ ಅಲ್ಲಿ ರೊಟ್ಟಿ ಬ್ಯಾಡ್ರಿ ಅತ್ತಿ. ಯಾರರ ಮತ್ತ ಫೋಟೋ ತಗೀತಾರ," ಎಂದಳು ನೀರಜಾ. ರೊಟ್ಟಿಯ ಬದಲು ಅಂಗಡಿಯ ಟಾರ್ಟಿಯಾ, ಮೆಕ್ಸಿಕೋದವರ ರೊಟ್ಟಿ, ಬಂತು. ಗುರುಶಾಂತವ್ವ ಅದನ್ನು ಪಲ್ಯದೊಂದಿಗೆ ಜಗಿದು, "ಚಪ್ಪಲಿ ಹೊಲಿಯಾಕ ಚಲೋ ಐತಿ," ಎಂದಳು. ಯಾರೂ ನಗಲಿಲ್ಲ. ಅವಳಿಗೂ ನಗು ಬೇಕಿರಲಿಲ್ಲ, ಮಾತು ಬೇಕಿತ್ತು. ದಿನವೂ ಹೇಳಬೇಕೆಂದು ಬಾಯಿ ತೆರೆಯುವಳು, ಸೊಸೆಯ ಮುಖ ನೋಡಿ ಮುಚ್ಚುವಳು. ಪಾರ್ಕಿಗೂ ಹೋಗುವುದನ್ನು ಬಿಟ್ಟಳು.

ಅಕ್ಟೋಬರಿನ ಒಂದು ಭಾನುವಾರ ಸ್ಯಾನ್ ಡಿಯಾಗೋದಿಂದ ಪ್ರವೀಣ ಬಂದ. ಕಾರನ್ನು ತಿರುಗಿಸಿಯೇ ನಿಲ್ಲಿಸಿದ. ಚಹಾ ಕುಡಿಯುವ ಮೊದಲೇ ಹೇಳಿದ: "ಅವ್ವನ ಬ್ಯಾಗ್ ತುಂಬ್ರಿ. ಕರ್ಕೊಂಡ ಹೋಗ್ತೀನಿ."

"ಎಲೆಕ್ಷನ್ ಮುಗೀಲಿ ಅಂದಿದ್ವಲ್ಲೋ," ಎಂದ ಓಂಪ್ರಕಾಶ್.

"ನನ್ನ ಆಫೀಸಿನ್ಯಾಗ ಒಬ್ಬಾಂವ ನನ್ನನ್ನ ಕೇಳ್ಯಾನ, ಇದು ನಿಮ್ಮ ತಾಯಿ ಏನು ಅಂತ. ಮಾರಿ ಎಲ್ಲಿ ಇಟ್ಕೊಳ್ಳಿ ನಾ? ವೈನಿ, ನಿಮ್ಮ ರಾಜಕೀಯ ನಿಮಗ. ನಮ್ಮ ಅವ್ವನ್ನ ಯಾಕ ಬೀದಿಗೆ ತಂದ್ರಿ?"

"ನಾ ತಂದೆ?" ಎಂದಳು ನೀರಜಾ.

"ನೀವು ನಿಂದರಲಿಲ್ಲಂದ್ರ ಯಾರೂ ಬರೀತಿದ್ದಿಲ್ಲ."

"ಹಂಗಂದ್ರ ಹೆಂಗಸು ಮನ್ಯಾಗ ಕುಂತ್ರ ಎಲ್ಲಾರಿಗೂ ಮರ್ಯಾದಿ. ಎದ್ದ ನಿಂತ್ರ ತಪ್ಪು ಆಕಿದು, ಬರದಾಂವಂದಲ್ಲ. ಹೌದಿಲ್ಲೋ?" ನೀರಜಾ ಚಹಾದ ಕಪ್ಪನ್ನು ಅವನ ಮುಂದೆ ಇಟ್ಟಳು, ಚಹಾ ತುಳುಕಿ ಮೇಜಿನ ಮೇಲೆ ಹರಿಯಿತು. "ಈಗ ಅತ್ತಿನ್ನ ಕರ್ಕೊಂಡ ಹೋದ್ರ ನಾಳೆ ಏನ್ ಬರೀತಾರ ಗೊತ್ತೇನ? ಮುದುಕೀನ್ನ ಮುಚ್ಚಿಟ್ಟಾರ ಅಂತ ಬರೀತಾರ. ಸುಳ್ಳು ಇತ್ತಲ್ಲ, ಅದನ್ನ ನೀವ ಖರೆ ಮಾಡಿದಂಗ ಆಗ್ತದ."

"ಅವ್ವಾ, ನೀ ಹೇಳು. ಬರ್ತೀಯೋ ಇಲ್ಲೋ?"

ಗುರುಶಾಂತವ್ವ ಮೇಜು ಒರೆಸುತ್ತಿದ್ದಳು. ಹೋಗಿಬಿಟ್ಟರೆ ಹೇಳಬೇಕಾದ್ದನ್ನು ಹೇಳದೆಯೇ ತಪ್ಪಿಸಿಕೊಳ್ಳಬಹುದು ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಆ ಮಾತು ನಂದು," ಎಂದಳು.

"ಯಾವ ಮಾತು?"

"ಗ್ಯಾರೇಜಿನ್ಯಾಗ ಒಗದಾರ ಅಂದದ್ದು. ಪಾರ್ಕಿನ್ಯಾಗ, ಶಾರದವ್ವನ ಮುಂದ. ಅತ್ತಿದ್ದಿಲ್ಲ. ನಗಕೊಂತ ಅಂದಿದ್ದೆ."

ನೀರಜಾ ಕುರ್ಚಿಯ ಮೇಲೆ ಕೂತಳು. "ಯಾಕ್ರಿ ಅತ್ತಿ?"

"ಸೊಸಿನ್ನ ಮಂದಿ ಮುಂದ ಹೊಗಳಬಾರದವಾ. ದೃಷ್ಟಿ ಆಗ್ತದ. ನಮ್ಮತ್ತಿ ನನ್ನ ಹಂಗ ಬೈಕೊಂತ ಅಡ್ಡಾಡತಿದ್ಲು. ಎಲ್ಲಾರೂ ಹಂಗ ಅಂತಾರ, ಯಾರೂ ಖರೆ ಅನ್ಕೊಳ್ಳಂಗಿಲ್ಲ."

"ನಾ ಅನ್ಕೊಂಡಿದ್ದೆ," ಎಂದಳು ನೀರಜಾ. ದನಿ ಏರಿಸಲಿಲ್ಲ. "ನಾ ಮದುವ್ಯಾಗಿ ಬಂದಾಗಿಂದ ನೀವು ನನ್ನ ಒಂದ ಸಲಾನೂ ಚಲೋ ಅಂದಿಲ್ಲ. ಮಂದಿ ಮುಂದೂ ಇಲ್ಲ, ಮನ್ಯಾಗೂ ಇಲ್ಲ. ನಾ ನಿಮಗ ಸೇರಂಗಿಲ್ಲ ಅಂತ ಅನ್ಕೊಂಡ ಇಷ್ಟು ವರ್ಷ ನಡಿಸೀನಿ."

ಅವಳು ಎದ್ದು ಮೇಲೆ ಹೋದಳು. ಪ್ರವೀಣ ಚಹಾ ಕುಡಿಯದೆ ಕೂತ. ಹೊರಡುವಾಗ ಗುರುಶಾಂತವ್ವ ಅವನಿಗೆ ಶೇಂಗಾ ಚಟ್ನಿಯ ಡಬ್ಬಿ ಕೊಟ್ಟಳು. "ನಾ ಬರಂಗಿಲ್ಲಪಾ. ಇದು ತೀರಿದ ಮ್ಯಾಲ ಬರ್ತೀನಿ," ಎಂದಳು.

ಆಮೇಲಿನ ದಿನಗಳು ಕಷ್ಟದವು. ನೀರಜಾ ಜಗಳವಾಡಲಿಲ್ಲ. ಮಾತ್ರೆ ಕೊಟ್ಟಳು, ಪೂಜೆಗೆ ಹೂ ತಂದಿಟ್ಟಳು, "ಊಟಕ್ಕ ಬರ್ರಿ" ಎಂದಳು. ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು ಎಂದು ಗುರುಶಾಂತವ್ವಳಿಗೆ ಅನ್ನಿಸಿತು.

ಮಾತು ಎಲ್ಲಿ ಬಿತ್ತೋ ಅಲ್ಲೇ ಎತ್ತಿಕೊಳ್ಳಬೇಕೆಂದು ಅವಳು ಮತ್ತೆ ಪಾರ್ಕಿಗೆ ಹೋದಳು. ಶಾರದವ್ವ ಇರಲಿಲ್ಲ, ಮೊಣಕೈ ಮುರಿದಿದೆ ಎಂದರು, ಅವಳ ಮನೆಯವರು ಫೋನ್ ಎತ್ತುತ್ತಿಲ್ಲ ಎಂದರು. ಗುರುಶಾಂತವ್ವ ಬೆಂಚಿನ ಮುಂದೆ ನಿಂತೇ ಹೇಳಿದಳು: "ಕೇಳ್ರಿ. ನಾ ಗ್ಯಾರೇಜಿನ್ಯಾಗ ಇರಂಗಿಲ್ಲ. ನನ್ನ ಸೊಸಿ ಭಾಳ ಚಲೋ ಅದಾಳ. ನನಗ ತನ್ನ ಖೋಲಿ ಕೊಟ್ಟಾಳ."

ಮೈಸೂರಿನ ಕಡೆಯ ಒಬ್ಬ ಅಜ್ಜಿ ಎದ್ದು ಅವಳ ಕೈ ಹಿಡಿದುಕೊಂಡು ಮೆತ್ತಗೆ ಕೇಳಿದರು: "ಹೀಗ್ ಹೇಳಿ ಅಂತ ಅವಳೇ ಕಳಿಸಿದ್ಳಾ? ಹೆದರ್ಕೋಬೇಡಿ, ನಾವೆಲ್ಲ ಇದ್ದೀವಿ."

ಗುರುಶಾಂತವ್ವ ಮನೆಗೆ ಬರುವ ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಅತ್ತೆಯಾದವಳು ಬೈದರೆ ನಿಜ, ಹೊಗಳಿದರೆ ಹೆದರಿಕೆ.

ಚುನಾವಣೆಗೆ ಇನ್ನೆರಡು ವಾರವಿರುವಾಗ ಕೌಂಟಿಯಿಂದ, ಅಂದರೆ ಅಲ್ಲಿನ ಜಿಲ್ಲಾ ಕಚೇರಿಯಿಂದ, ಒಬ್ಬ ಹೆಂಗಸು ಬಂದಳು. ವಯಸ್ಸಾದವರಿಗೆ ಮನೆಯಲ್ಲಿ ಹಿಂಸೆಯಾಗುತ್ತಿದೆ ಎಂದು ಯಾರಾದರೂ ದೂರಿದರೆ ಬಂದು ನೋಡುವುದು ಅವಳ ಕೆಲಸ. ದೂರಿದವರ ಹೆಸರು ಹೇಳುವಂತಿಲ್ಲ ಎಂದಳು. ಮನೆಯವರು ಹಿತ್ತಲಿನಲ್ಲಿರಬೇಕು ಎಂದಳು. ನೀರಜಾ ಗಂಡನನ್ನೂ ಮಗಳನ್ನೂ ಕರೆದುಕೊಂಡು ಹೊರಗೆ ಹೋದಳು. ಗಾಜಿನ ಬಾಗಿಲಿನಾಚೆ ಅವಳು ಕೈಕಟ್ಟಿ ನಿಂತದ್ದು ಗುರುಶಾಂತವ್ವಳಿಗೆ ಕಾಣುತ್ತಿತ್ತು. ಈಗ ಆಡುವ ಮಾತಿನ ಮೇಲೆ ಅವಳ ಹೆಸರು ನಿಂತಿದೆ, ಚುನಾವಣೆ ದೂರದ ಮಾತು.

ಬಂದವಳು ಮೇಜಿನ ಮೇಲೆ ಫೋನ್ ಇಟ್ಟಳು. ಅದರೊಳಗಿಂದ ಬೆಂಗಳೂರು ಕಡೆಯ ದುಭಾಷಿಯೊಬ್ಬನ ದನಿ ಬಂತು. "ನಮಸ್ಕಾರ ಅಮ್ಮಾ. ಅವರು ಕೇಳಿದ್ದನ್ನ ನಿಮಗೆ ಹೇಳ್ತೀನಿ, ನೀವು ಹೇಳಿದ್ದನ್ನ ಅವರಿಗೆ ಹೇಳ್ತೀನಿ. ಒಂದೂ ಸೇರಿಸಲ್ಲ, ಒಂದೂ ಬಿಡಲ್ಲ."

"ಚಲೋ ಆತಪಾ. ಅಂಥವರು ಕಡಿಮಿ ಅದಾರ."

"ನಿಮಗೆ ಹೊತ್ತು ಹೊತ್ತಿಗೆ ಊಟ ಕೊಡ್ತಾರಾ?"

"ಅವರೇನ್ ಕೊಡ್ತಾರ, ನಾನ ಅವರಿಗೆ ಮಾಡಿ ಹಾಕ್ತೀನಿ." ಬೆಂಚಿನ ನಾಲಿಗೆ ತಾನಾಗಿಯೇ ಆಡಿಬಿಟ್ಟಿತ್ತು. ಫೋನಿನವನು ಅದನ್ನು ಇಂಗ್ಲಿಷಿಗೆ ತಿರುಗಿಸಿದ, ಹೆಂಗಸು ಬರೆದುಕೊಂಡಳು. "ತಡೀರಿ, ತಡೀರಿ. ಅಡಗಿ ನನ್ನ ಹಟ. ಬ್ಯಾಡಂದ್ರೂ ಕೇಳಂಗಿಲ್ಲ ನಾ. ಅದನ್ನೂ ಹೇಳು."

"ಗ್ಯಾರೇಜಿನಲ್ಲಿ ಮಲಗಿಸ್ತಾರೆ ಅಂತ ನೀವೇ ಹೇಳಿದೀರಂತೆ. ನಿಜಾನಾ?"

"ಹೇಳಿದ್ದು ನಿಜ. ಮಲಗಿಸಿದ್ದು ಸುಳ್ಳು."

ಹೆಂಗಸು ಯಾಕೆಂದು ಕೇಳಿದಳು. ಗುರುಶಾಂತವ್ವ ದೃಷ್ಟಿಯ ಮಾತು ಹೇಳಿದಳು, ಬೆಂಚಿನ ಮಾತು ಹೇಳಿದಳು. "ಸಾವಕಾಶ ಹೇಳಪಾ, ಆಕಿಗೆ ತಿಳೀಬೇಕು," ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಗಾಜಿನಾಚೆ ನಿಂತವಳನ್ನು ನೋಡದೆ, ಹೇಳತೊಡಗಿದಳು. ಮಂಡಿ ನೋವೆಂದು ಕೋಣೆ ಬಿಟ್ಟುಕೊಟ್ಟದ್ದು. ಬಿಸಿನೀರಿನ ನಲ್ಲಿ ತಿರುಗಿಸಲು ಬರದೆ ಕೈ ಸುಟ್ಟುಕೊಂಡಾಗ ಕೆಲಸಕ್ಕೆ ಹೋಗದೆ ಕೂತದ್ದು. ಬೈದರೆ ತಿರುಗಿ ಬೈಯದೆ ಇರುವುದು. "ಕೆಟ್ಟದ್ದೂ ಬರಕೋರಿ. ಪಲ್ಲೆಕ್ಕ ಉಪ್ಪು ಹಾಕಂಗಿಲ್ಲ. ಸಿಟ್ಟು ಬಂದ್ರ ಮಾತ ಬಿಡ್ತಾಳ, ಈಗ ಬಿಟ್ಟಾಳ. ಹಗಲೆಲ್ಲಾ ಮನ್ಯಾಗ ಒಂದು ನರಪಿಳ್ಳಿ ಇರಂಗಿಲ್ಲ, ನನಗ ಬ್ಯಾಸರ. ಅದು ಆಕಿ ತಪ್ಪಲ್ಲ, ಈ ಊರಿಂದು."

ಹೆಂಗಸು ಕೋಣೆ ನೋಡಿದಳು, ಗ್ಯಾರೇಜು ನೋಡಿದಳು, ಪರಾತವನ್ನು ಮುಟ್ಟಿ ನೋಡಿದಳು. ಹೋಗುವಾಗ ಓಂಪ್ರಕಾಶ್ ಕೇಳಿದ: ಏನೂ ತಪ್ಪಿಲ್ಲವೆಂದು ಬರೆದು ಕೊಡುತ್ತೀರಾ? ಇಲ್ಲ ಎಂದಳು. ಇದೆಲ್ಲ ಗುಟ್ಟಿನ ವಿಚಾರ, ಹೊರಗೆ ಕೊಡುವಂತಿಲ್ಲ.

"ಸುಳ್ಳಿಗೆ ಸಾವಿರ ಕಾಪಿ," ಎಂದ ಓಂಪ್ರಕಾಶ್, ಬಾಗಿಲು ಹಾಕಿ. "ಖರೆಕ್ಕ ಒಂದೂ ಕಾಪಿ ಇಲ್ಲ."

"ಏನ್ ಹೇಳಿದ್ರಿ ಅತ್ತಿ?" ಎಂದು ನೀರಜಾ ಕೇಳಿದಳು. ಹತ್ತು ದಿನಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಇದ್ದದ್ದು ಹೇಳೀನಿ. ಉಪ್ಪಿಂದೂ ಹೇಳೀನಿ."

ನೀರಜಾ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, "ಉಪ್ಪು ನಿಮ್ಮ ಬಿ.ಪಿ.ಗೆ ಕಡಿಮಿ ಹಾಕ್ತೀನ್ರಿ," ಎಂದಳು.

"ಅದು ನನಗೇನ್ ಗೊತ್ತು? ಹೇಳಬೇಕಿಲ್ಲೋ?"

"ನೀವೇನ್ ಎಲ್ಲಾ ಹೇಳ್ತೀರೇನು?"

ವೈಷ್ಣವಿ ಅಜ್ಜಿಯ ಮಾತನ್ನು ವಿಡಿಯೋ ಮಾಡಿ ಹಾಕೋಣ ಎಂದಳು. ನೀರಜಾ ಒಪ್ಪಲಿಲ್ಲ. "ಅತ್ತಿನ್ನ ಕ್ಯಾಮೆರಾ ಮುಂದ ಕುಂದರಿಸಿ, ನೋಡ್ರಿ ಮೈಮ್ಯಾಲ ಗಾಯ ಇಲ್ಲ ಅಂತ ತೋರಿಸಲೇನು? ಆ ಮಟ್ಟಕ್ಕ ನಾ ಇಳಿಯಂಗಿಲ್ಲ."

"ಕ್ಯಾಮೆರಾ ಬ್ಯಾಡ," ಎಂದಳು ಗುರುಶಾಂತವ್ವ. "ನಾಳಿಂದ ನಾನೂ ನಿನ್ನ ಜೋಡಿ ಮನಿ ಮನಿಗೆ ಬರ್ತೀನಿ."

"ಮಂಡಿ?"

"ಮಂಡಿ ನಂದು."

ಹಾಗೆ ಕೊನೆಯ ಎರಡು ವಾರ ಇಳಕಲ್ ಸೀರೆಯುಟ್ಟ ಮುದುಕಿ, ಕಾಲಿಗೆ ಮೊಮ್ಮಗಳ ಬಿಳಿ ಬೂಟು ಹಾಕಿಕೊಂಡು, ಸೊಸೆ, ಮೊಮ್ಮಗಳ ಜೊತೆ ಬಾಗಿಲು ಬಾಗಿಲಿಗೆ ನಿಂತಳು. ಬಾಗಿಲು ತೆರೆದವರಿಗೆ ನೀರಜಾ ಶಾಲೆಯ ವಿಷಯ ಹೇಳುವಳು: ತರಗತಿಗಳು ತುಂಬಿ ತುಳುಕುತ್ತಿರುವುದು, ಬೇಸಿಗೆ ಶಾಲೆ ನಿಂತದ್ದು. ಅವಳು ಮುಗಿಸಿದ ಮೇಲೆ ಗುರುಶಾಂತವ್ವ ಕೈಮುಗಿದು, "ನಾನ ರೀ ಆ ಗ್ಯಾರೇಜಿನ ಮುದುಕಿ. ನೋಡ್ಕೋರಿ," ಎನ್ನುವಳು. ಮೊದಲ ದಿನ ವೈಷ್ಣವಿ ಅದನ್ನು ಇಂಗ್ಲಿಷಿಗೆ ತಿರುಗಿಸಲು ಒಪ್ಪಲಿಲ್ಲ. "ಅಜ್ಜಿ, ಅವರ ಮಾತು ಹೇಳಬೇಡಿ," ಎಂದಳು. ಅಜ್ಜಿ ಯೋಚಿಸಿದಳು. ಎರಡನೆಯ ದಿನದಿಂದ, "ನಾ ಈಕಿ ಅತ್ತಿ. ನನ್ನ ಸೊಸಿ ಭಾಳ ಚಲೋ ಅದಾಳ," ಎಂದಷ್ಟೇ ಹೇಳಿದಳು. ವೈಷ್ಣವಿ ತಿರುಗಿಸಿದಳು. ಮೊದಲ ಸಲ ಅದನ್ನು ಕೇಳಿದಾಗ ನೀರಜಾ ಕೈಯಲ್ಲಿದ್ದ ಕರಪತ್ರಗಳನ್ನು ಸುಮ್ಮನೆ ಎಣಿಸತೊಡಗಿದಳು. ಆಚೆ ಮನೆಗೆ ನಡೆಯುವಾಗ ಅತ್ತೆಯ ರೆಟ್ಟೆ ಹಿಡಿದುಕೊಂಡಳು. ಮೆಟ್ಟಿಲಿರಲಿಲ್ಲ, ಆದರೂ ಹಿಡಿದುಕೊಂಡಳು.

ಕೆಲವರು ನಕ್ಕು ಮಾತಾಡಿಸಿದರು. ಒಬ್ಬ ಮುದುಕ ನೀರು ತಂದುಕೊಟ್ಟ. ಒಬ್ಬಳು ಬಾಗಿಲ ಸಂದಿಯಲ್ಲೇ, ಈಮೇಲ್ ಓದಿದ್ದೇನೆ ಎಂದು ಹೇಳಿ ಮುಚ್ಚಿಕೊಂಡಳು.

ಮತದಾನಕ್ಕೆ ಎರಡು ದಿನ ಇರುವಾಗ ಇನ್ನೊಂದು ಈಮೇಲ್ ಬಂತು. ಗುರುಶಾಂತವ್ವ ಬಿಸಿಲಿನಲ್ಲಿ ಬಿಳಿ ಬೂಟಿನಲ್ಲಿ ನಡೆಯುತ್ತಿರುವ ಚಿತ್ರ. ಈಗ ಮುದುಕಿಯನ್ನು ಓಟಿಗಾಗಿ ಬೀದಿ ಬೀದಿ ಎಳೆದಾಡುತ್ತಿದ್ದಾಳೆ ಎಂದು ಬರೆದಿತ್ತು. ಓಂಪ್ರಕಾಶ್ ಓದಿ ಹೇಳಿದ. ಈ ಸಲ ಉತ್ತರ ಬರೆಯಲು ಕೂರಲಿಲ್ಲ.

"ಬೂಟು ಚಲೋ ಬಿದ್ದಾವ ಫೋಟೋದಾಗ," ಎಂದಳು ಗುರುಶಾಂತವ್ವ.

ನೀರಜಾ ನಕ್ಕಳು. ನಗು ನಿಲ್ಲಲಿಲ್ಲ, ನಗುತ್ತಾ ಕಣ್ಣೊರೆಸಿಕೊಂಡಳು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ವೈಷ್ಣವಿ ಅಮ್ಮನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು. ಆ ಸಂಜೆ ಯಾರೂ ಟಿ.ವಿ. ಹಚ್ಚಲಿಲ್ಲ.

ನೀರಜಾ ಸೋತಳು. ಮಂಡಳಿಯಲ್ಲಿದ್ದದ್ದು ಮೂರು ಜಾಗ, ಅವಳು ನಾಲ್ಕನೆಯವಳಾದಳು. ಮನೆಗೆ ಬಂದ ಮಂದಿ ಬಹಳ ಸಮೀಪ ಬಂದಿದ್ದಿರಿ ಎಂದರು, ಮುಂದಿನ ಸಲ ಎಂದರು, ಹಾಗೆಂದು ಹೊರಟುಹೋದರು. ಮರುದಿನ ಅವಳು ಬೇಗ ಎದ್ದು ಅಂಗಳದಲ್ಲಿ ನೆಟ್ಟ ತನ್ನ ಹೆಸರಿನ ಬೋರ್ಡನ್ನು ಕಿತ್ತು, ಒರೆಸಿ, ಗ್ಯಾರೇಜಿನಲ್ಲಿಟ್ಟಳು. ಎಸೆಯಲಿಲ್ಲ.

ಅದೇ ವಾರದ ಕೊನೆಗೆ ಅತ್ತೆಯನ್ನು ಸ್ಯಾನ್ ಡಿಯಾಗೋಕ್ಕೆ ಬಿಡಲು ನೀರಜಾ ತಾನೇ ಹೊರಟಳು. ಪ್ರವೀಣ ಬರುತ್ತೇನೆಂದರೂ ಬೇಡವೆಂದಳು. ದಾರಿ ಸಮುದ್ರದ ಪಕ್ಕಕ್ಕೆ ತಿರುಗಿತು.

"ಮತ್ತ ನಿಂದರ್ತೀಯೇನು?" ಎಂದು ಗುರುಶಾಂತವ್ವ ಕೇಳಿದಳು.

"ಗೊತ್ತಿಲ್ರಿ ಅತ್ತಿ."

"ನಿಂತ್ರ ಫೋನ್ ಮಾಡು. ಬರ್ತೀನಿ."

"ಬಂದು ಏನ್ ಮಾಡ್ತೀರಿ?"

"ಬಾಯಿ ಮುಚ್ಚಕೊಂಡ ಇರ್ತೀನಿ."

ನೀರಜಾ ಲೇನ್ ಬದಲಿಸಿ, ಮುಂದಿನ ಲಾರಿಯನ್ನು ದಾಟಿ ಹೋದಳು. "ಅದ ಬ್ಯಾಡ್ರಿ," ಎಂದಳು. "ಬಾಯಿ ತಗದ ಇರ್ರಿ."

ಆ ಈಮೇಲನ್ನು ಮೊದಲು ಬರೆದವರು ಯಾರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಶಾರದವ್ವ ಮನೆಯಲ್ಲಿ ಹೇಳಿದಳೋ, ಪಕ್ಕದ ಬೆಂಚಿನಲ್ಲಿ ಕೂತ ಬೇರೆ ಯಾರಾದರೂ ಒಯ್ದರೋ ತಿಳಿಯದು. ಶಾರದವ್ವ ಆ ಚಳಿಗಾಲದಲ್ಲೇ ಊರಿಗೆ ಹೋದಳು, ಗುರುಶಾಂತವ್ವ ಕೇಳಬೇಕೆಂದಿದ್ದದ್ದು ಕೇಳದೆ ಉಳಿಯಿತು. ಕೌಂಟಿಗೆ ದೂರಿತ್ತವರು ನಂಬಿ ದೂರಿದರೋ, ನಂಬದೆ ದೂರಿದರೋ ಗೊತ್ತಿಲ್ಲ. ಆ ಈಮೇಲಿನಿಂದ ಎಷ್ಟು ಓಟು ಹೋದವು, ಅದಿಲ್ಲದಿದ್ದರೂ ನೀರಜಾ ಸೋಲುತ್ತಿದ್ದಳೇ ಎಂಬುದನ್ನು ಅಳೆಯುವ ದಾರಿ ಯಾರಿಗೂ ತಿಳಿದಿಲ್ಲ. ಅವಳು ಅತ್ತೆಯನ್ನು ಪೂರ್ತಿ ಮನ್ನಿಸಿದಳೇ ಎಂದು ಆ ಮನೆಯಲ್ಲಿ ಯಾರೂ ಕೇಳಿಲ್ಲ. ಆದ್ದರಿಂದ ಅದನ್ನು ಇಲ್ಲಿ ಹೇಳಲಾಗುವುದಿಲ್ಲ.